ಎರಡನೆಯ ಸೀರೆ

ಪುಣೆಗೆ ಬಂದು ಎರಡು ವರ್ಷವಾದರೂ ಗಂಜ್ ಪೇಟೆಯ ಕಡೆ ನಾನು ಕಾಲಿಟ್ಟಿರಲಿಲ್ಲ. ಇಲ್ಲಿಯ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರಿಟ್ಟರು. ಗುರುತಿನ ಚೀಟಿಯ ಮೇಲೆ ಆ ಹೆಸರನ್ನು ಕೊರಳಿಗೆ ಹಾಕಿಕೊಂಡೇ ಓಡಾಡುತ್ತೇನೆ. ಅವರು ಯಾರು ಅಂತ ಯಾರಾದರೂ ಕೇಳಿದರೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಕಳೆದ ತಿಂಗಳು ನಮಗೊಂದು ಅವಮಾನ ಆಯ್ತು. ಆಮೇಲೆ ಈ ತಾಯಿಯನ್ನು ಹುಡುಕಿಕೊಂಡು ಹೋದೆ. ಅವಮಾನದ ಮಾತು ಕೊನೆಗೆ ಹೇಳುತ್ತೇನೆ.

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಸೀಮೆಯ ನಾಯಗಾಂವದಲ್ಲಿ; ಮಾಳಿ ಜಾತಿಯ ಒಕ್ಕಲು ಮನೆತನ. ಒಂಬತ್ತನೆಯ ವಯಸ್ಸಿಗೆ ಹದಿಮೂರು ವರ್ಷದ ಜೋತಿರಾವರೊಡನೆ ಮದುವೆ. ಅಕ್ಷರ ಬರುತ್ತಿರಲಿಲ್ಲ. ಗಂಡನೇ ಕಲಿಸಿದರು, ಅವರ ಗೆಳೆಯರೂ ಪಾಠ ಹೇಳಿಕೊಟ್ಟರು. ಮುಂದೆ ಅಹ್ಮದ್‌ನಗರದಲ್ಲೂ ಪುಣೆಯಲ್ಲೂ ಶಿಕ್ಷಕಿಯ ತರಬೇತಿ ಆಯಿತು.

ಕಾಲ ಎಂಥದ್ದು ನೋಡಿ. 1818ರಲ್ಲಿ ಪೇಶ್ವೆಯವರ ರಾಜ್ಯ ಹೋಗಿತ್ತು. ಇಂಗ್ಲಿಷರ ಕಚೇರಿ ಬಂತು, ಕಾಯಿದೆ ಬಂತು. ಆದರೆ ಯಾರು ಯಾವ ಬಾವಿಯಲ್ಲಿ ನೀರು ಸೇದಬೇಕು, ಯಾರ ಮಕ್ಕಳು ಪಾಟಿ ಹಿಡಿಯಬೇಕು ಎಂಬ ಲೆಕ್ಕ ಮಾತ್ರ ಹಳೆಯದೇ ಉಳಿಯಿತು. ಆ ಲೆಕ್ಕವನ್ನೇ ಈ ಗಂಡ ಹೆಂಡತಿ ಕೆಡಿಸಹೊರಟರು.

1848ರಲ್ಲಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಸಾವಿತ್ರಿಬಾಯಿಗೆ ಆಗ ಹದಿನೇಳು, ನಮ್ಮ ಹನ್ನೆರಡನೆಯ ತರಗತಿಯವರ ವಯಸ್ಸು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ, ಕೆಸರು ಎಸೆಯುತ್ತಿದ್ದರಂತೆ. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೊರಡುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಸೀರೆ ಬದಲಿಸಿ ಪಾಠ. ಮನೆಗೆ ಮರಳುವಾಗ ಮತ್ತೆ ಆ ಕೊಳೆ ಸೀರೆಯೇ. ಒಂದು ದಿನದ ಮಾತಲ್ಲ ಇದು, ದಿನನಿತ್ಯದ್ದು.

ಊರಿನ ಬಾಯಿಗೆ ಹೆದರಿ 1849ರಲ್ಲಿ ಮಾವ ಮಗ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರು. ಆಗ ಕರೆದು ಜಾಗ ಕೊಟ್ಟವರು ಉಸ್ಮಾನ್ ಶೇಖ್. ಅದೇ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿಯ ಜೊತೆ ಪಾಠ ಹೇಳಲು ನಿಂತರು. ಮುಂದೆ ಮಹಾರ, ಮಾಂಗ ಮಕ್ಕಳಿಗೆ ಶಾಲೆ. 1855ರಲ್ಲಿ ರೈತ ಕೂಲಿಗಳಿಗೆ ರಾತ್ರಿಶಾಲೆ.

ಅಕ್ಷರ ಕಲಿಸಿದರೆ ಕೆಲಸ ಮುಗಿಯಿತು ಅಂತ ಅವರು ಕೂಡಲಿಲ್ಲ. ಬಸುರಿಯಾದ ವಿಧವೆಯರು ಮಾನಕ್ಕಂಜಿ ಕೂಸನ್ನು ಕೊಲ್ಲುವ ಕಾಲ ಅದು. 1863ರಲ್ಲಿ ಅಂಥವರ ಹೆರಿಗೆಗೆ ಒಂದು ಆಸರೆಮನೆ ತೆರೆದರು. ಬ್ರಾಹ್ಮಣ ವಿಧವೆಯೊಬ್ಬರ ಮಗು ಯಶವಂತನನ್ನು 1874ರಲ್ಲಿ ದತ್ತು ತೆಗೆದುಕೊಂಡರು. 1868ರಲ್ಲಿ ತಮ್ಮ ಮನೆಯ ನೀರನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟರು. 1873ರಲ್ಲಿ ಜೋತಿರಾವ್ ಸತ್ಯಶೋಧಕ ಸಮಾಜ ಕಟ್ಟಿದರು. ಪುರೋಹಿತನಿಲ್ಲದ ಮದುವೆಗಳು ನಡೆದವು. 1876-77ರ ಭೀಕರ ಬರದಲ್ಲಿ ಹಸಿದ ಮಕ್ಕಳಿಗೆ ಅನ್ನ ಹಾಕಿದರು. ಆ ಬರ ನಮ್ಮ ಬಿಜಾಪುರ, ಬಾಗಲಕೋಟೆ ಸೀಮೆಯನ್ನೂ ಸುಟ್ಟಿತ್ತು.

1890ರ ನವೆಂಬರ್ 28ರಂದು ಜೋತಿರಾವ್ ತೀರಿಕೊಂಡರು. ದತ್ತುಮಗ ಬೆಂಕಿಯ ಮಡಕೆ ಹಿಡಿಯಬಾರದೆಂದು ಭಾವಬಂಧುಗಳು ತಕರಾರು ತೆಗೆದರು. ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಶವದ ಮುಂದೆ ನಡೆದರು. ಹೆಂಗಸರು ಸ್ಮಶಾನಕ್ಕೆ ಹೋಗುವುದೇ ಇಲ್ಲದ ಕಾಲದಲ್ಲಿ!

1897ರಲ್ಲಿ ಪುಣೆಗೆ ಪ್ಲೇಗು ಬಂತು. ಡಾಕ್ಟರಾಗಿದ್ದ ಯಶವಂತನನ್ನು ಕರೆಸಿ ಊರ ಹೊರಗೆ ದವಾಖಾನೆ ತೆರೆಸಿದರು. ಮುಂಢವೆಯ ದಲಿತ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದ ಸುದ್ದಿ ಕೇಳಿ ಅರವತ್ತಾರರ ಈ ಮುದುಕಿ ಓಡಿದರು. ಅವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಹುಡುಗ ಬದುಕಿದ. ರೋಗ ಅವರಿಗೆ ಅಂಟಿತು. ಮಾರ್ಚ್ 10ರಂದು ಕಣ್ಣುಮುಚ್ಚಿದರು.

ಇನ್ನು ನಮ್ಮ ಅವಮಾನದ ಮಾತು. ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗೆ ನಾವು ನಾಲ್ಕು ಜನ ಭಾನುವಾರ ಕನ್ನಡ ಅಕ್ಷರ, ಮಗ್ಗಿ ಹೇಳಿಕೊಡುತ್ತಿದ್ದೆವು. ಒಂದು ವಸತಿ ಕಟ್ಟಡದ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಒಂದು ದಿನ ಅಲ್ಲಿಯ ಹಿರಿಯರೊಬ್ಬರು ಬಂದು, ಈ ಮಕ್ಕಳು ನಲ್ಲಿ ಮುಟ್ಟುತ್ತಾವೆ, ಇಲ್ಲಿ ಬೇಡ ಅಂದರು. ನಾನು ತಪ್ಪಾಯ್ತು ಅಂತ ಕೈಮುಗಿದೆ. ನಾನ್ಯಾಕೆ ಕೈಮುಗಿದೆ? ಚಾಪೆ ಸುತ್ತಿಕೊಂಡು ಬಂದೆವು. ಮುಂದಿನ ಮೂರು ಭಾನುವಾರ ಯಾರೂ ಹೋಗಲಿಲ್ಲ. ನಮ್ಮ ಮೇಲೆ ಯಾರೂ ಸಗಣಿ ಎಸೆದಿರಲಿಲ್ಲ; ಒಂದು ಗಂಟುಮೋರೆ ಸಾಕಾಯ್ತು.

ಭಿಡೆ ವಾಡೆಯನ್ನು ಸ್ಮಾರಕ ಕಟ್ಟುವುದಕ್ಕೆಂದು 2023ರ ಡಿಸೆಂಬರಿನಲ್ಲಿ ಕೆಡವಿದ್ದಾರೆ. ಆದರೆ ಗಂಜ್ ಪೇಟೆಯ ಫುಲೆ ವಾಡೆ ಇದೆ. ಅದರ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ. ಪೌರನೀತಿಯ ಪುಸ್ತಕದಲ್ಲಿ ಹಕ್ಕು, ಕರ್ತವ್ಯ ಅಂತ ಬಾಯಿಪಾಠ ಮಾಡಿ ಅಂಕ ತೆಗೆದವನು ನಾನು. ಒಂದು ನಲ್ಲಿಯ ಹತ್ತಿರ ಆ ಪಾಠ ನೆನಪಿಗೆ ಬರಲಿಲ್ಲ.

ಮೊನ್ನೆ ಚಾಪೆ ಹಿಡಿದು ಕೆಲಸಗಾರರ ತಗಡಿನ ಶೆಡ್ಡುಗಳಿಗೇ ಹೋದೆ. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಬಂದವು. ಉಳಿದ ಐವರ ಅಪ್ಪ ಅಮ್ಮ ಬೇರೆ ಕಡೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಆ ಐವರನ್ನು ಎಲ್ಲಿ ಹುಡುಕಲಿ? ಗೆಳೆಯರೇ, ಬರುವ ಭಾನುವಾರ ನಾಲ್ಕು ಗಂಟೆಗೆ ಮತ್ತೆ ಹೋಗುವವನಿದ್ದೇನೆ. ಇಬ್ಬರು ಜೊತೆಗೆ ಬಂದರೆ ಮಗ್ಗಿ ಒಬ್ಬರು, ಅಕ್ಷರ ಒಬ್ಬರು ನೋಡಿಕೊಳ್ಳಬಹುದು.