ಕರಿ ಕಾಯಿಯ ಲೆಕ್ಕ

ಗೋ ಆಟದಲ್ಲಿ ಸೋತರೆ ನೆಟ್‌ವರ್ಕ್ ಕೈಕೊಡ್ತು ಅಂತ ಸಬೂಬು ಹೇಳೋದು, ಗೆದ್ದರೆ ಸ್ಕ್ರೀನ್‌ಶಾಟ್ ತೆಗೆದು ಊರಿಗೆಲ್ಲ ಹಂಚೋದು ನನ್ನ ಚಾಳಿ. ಹಾಗಾಗಿ ಹೊನಿನ್‌ಬೋ ಶೂಸಾಕುವಿನ ಕತೆ ಓದಿದಾಗ ಮುಜುಗರವೇ ಆಯ್ತು.

ಶೂಸಾಕು ಹುಟ್ಟಿದ್ದು 1829ರಲ್ಲಿ, ಜಪಾನಿನ ಇನ್ನೋಶಿಮಾ ದ್ವೀಪದಲ್ಲಿ. ಹುಡುಗನಾಗಿದ್ದಾಗಲೇ ಎಡೋ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ ಬಂದು ಹೊನಿನ್‌ಬೋ ಮನೆತನದಲ್ಲಿ ಆಟ ಕಲಿತ. 1846ರಲ್ಲಿ, 17ರ ವಯಸ್ಸಿಗೆ, ಒಸಾಕಾದಲ್ಲಿ ಗೆನ್ನಾನ್ ಇನ್ಸೆಕಿಗೆ ಎದುರಾದ. ಇವನದು ನಾಲ್ಕನೇ ದರ್ಜೆ, ಆತನದು ಎಂಟನೆಯದು. ಶೂಸಾಕು 127ನೇ ನಡೆ ಇಟ್ಟಾಗ ಹಿರಿಯನ ಕಿವಿ ಕೆಂಪಾಯಿತು, ನೋಡುತ್ತಿದ್ದ ವೈದ್ಯನೊಬ್ಬ ಅಲ್ಲೇ ಫಲಿತಾಂಶ ಊಹಿಸಿಬಿಟ್ಟ ಅನ್ನೋದು ಎಲ್ಲರೂ ಹೇಳುವ ಕತೆ.

ನನಗೆ ಬೇಕಾಗಿರೋದು ಅದರ ಬಾಲ. ಆಟ ಏನಾಯ್ತು ಅಂತ ಕೇಳಿದವರಿಗೆ ಶೂಸಾಕು, ತನ್ನದು ಕರಿ ಕಾಯಿ ಅಂತಷ್ಟೇ ಹೇಳಿ ಸುಮ್ಮನಾದನಂತೆ.

ಇದನ್ನು ಸೊಕ್ಕು ಅಂತ ಓದುವವರೇ ಹೆಚ್ಚು: ಕರಿ ಸಿಕ್ಕರೆ ನಾನು ಸೋಲೋದುಂಟೇ ಅನ್ನೋ ಧಾಟಿ. ಇರಬಹುದು. ಆದರೆ ಲೆಕ್ಕವನ್ನೂ ನೋಡಿ. ಗೋದಲ್ಲಿ ಮೊದಲ ನಡೆ ಕರಿಯದ್ದು, ಅದು ದೊಡ್ಡ ಅನುಕೂಲ. ಈಗ ಜಪಾನಿನಲ್ಲಿ ಬಿಳಿಗೆ ಪರಿಹಾರವಾಗಿ 6.5 ಅಂಕ ಕೊಡ್ತಾರೆ, ಆಗ ಒಂದೂ ಇರಲಿಲ್ಲ. ಶೂಸಾಕು ಗೆದ್ದದ್ದು ಕೆಲವೇ ಅಂಕಗಳಿಂದ. ಅಂದರೆ ಗೆಲುವಿನ ಸುದ್ದಿಗಿಂತ ಮೊದಲು ತನಗೆ ಸಿಕ್ಕ ಅನುಕೂಲವನ್ನೇ ಆತ ಮುಂದಿಟ್ಟ. ಮೆರಿಟ್ಟಿನ ಬಗ್ಗೆ ಗಂಟಲು ಹರಿದುಕೊಳ್ಳುವವರ ಬಾಯಲ್ಲಿ ಇಂಥ ಮಾತು ನಾನಂತೂ ಕೇಳಿಲ್ಲ.

ಹಾಗಂತ ಆತನ ವಿನಯವೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಗುರು ಶೂವಾ ಎದುರು ಬಿಳಿ ಹಿಡಿಯೋಕೆ ಆತ ಕೊನೆವರೆಗೂ ಒಪ್ಪಲಿಲ್ಲ. ಗುರುಭಕ್ತಿ, ಸರಿ. ಆದರೆ ಇಬ್ಬರಲ್ಲಿ ಯಾರು ಬಲಶಾಲಿ ಅನ್ನೋದು ಇತ್ಯರ್ಥವಾಗದೇ ಉಳೀತು. ಕರಿಯ ಅನುಕೂಲವನ್ನು ಬಿಚ್ಚಿ ಹೇಳಿದವನೇ ಇಲ್ಲಿ ಅದರ ಹಿಂದೆ ಅವಿತುಕೊಂಡ ಹಾಗೆ ನನಗೆ ಕಾಣುತ್ತೆ.

1849ರಿಂದ 1861ರವರೆಗೆ ಶೋಗನ್ನನ ಕೋಟೆಯಲ್ಲಿ ನಡೆದ ವಾರ್ಷಿಕ ಆಟಗಳಲ್ಲಿ 19ಕ್ಕೆ 19 ಗೆದ್ದ. ಮರುವರ್ಷ ಎಡೋದಲ್ಲಿ ಕಾಲರಾ ಹಬ್ಬಿತು. ಹೊನಿನ್‌ಬೋ ಮನೆಯಲ್ಲಿ ಮಲಗಿದ್ದ ರೋಗಿಗಳ ಆರೈಕೆಗೆ ನಿಂತ ಶೂಸಾಕುವಿಗೂ ರೋಗ ತಗುಲಿತು. ತೀರಿಕೊಂಡಾಗ 33 ವರ್ಷ.

ಒಸಾಕಾದ ಆ ಆಟದ ದಾಖಲೆ ಇವತ್ತಿಗೂ ಸಿಗುತ್ತೆ, ಮುನ್ನೂರಕ್ಕೂ ಹೆಚ್ಚು ನಡೆ. ಮೊನ್ನೆ ಫೋನಿನಲ್ಲಿ ಒಂದೊಂದಾಗಿ ಆಡಿ ನೋಡಿದೆ. 127ನೆಯದು ಯಾಕಷ್ಟು ದೊಡ್ಡದು ಅಂತ ನನಗಿನ್ನೂ ಪೂರ್ತಿ ಅರ್ಥವಾಗಿಲ್ಲ.