ಬೆರಳು ಬಾಗಿದರೂ ನಿಲ್ಲದ ಕಾಯಕ: ಡೊರೊಥಿ ಹಾಡ್ಜ್‌ಕಿನ್

ಸಂಧಿವಾತ ಇರುವವರಿಗೆ ಬೆಳಗಿನ ಹೊತ್ತೇ ಕಷ್ಟ. ಎದ್ದ ಕೂಡಲೇ ಬೆರಳು ಮಡಚುವುದಿಲ್ಲ, ಚಪಾತಿ ಹಿಟ್ಟು ನಾದಲಾಗದು. ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು ನೌಕರಿಗೆ ಹೋಗುವ ಸೋದರಿಯರಿಗೆ ರೈಲಿನ ಕಂಬಿ ಹಿಡಿಯುವುದೂ ಸಾಹಸವೇ. ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಕಾಡುವ ಕಾಯಿಲೆ ಇದು. ಕೆಲಸ ಬಿಟ್ಟುಬಿಡಲೇ ಎಂದು ಯೋಚಿಸುವವರು ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಅವರ ಬದುಕನ್ನು ಒಮ್ಮೆ ತಿಳಿಯಬೇಕು.

ಡೊರೊಥಿ ಹುಟ್ಟಿದ್ದು 1910ರಲ್ಲಿ, ಈಜಿಪ್ಟಿನ ಕೈರೋದಲ್ಲಿ. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿ, ಹರಳುಗಳ ಮೂಲಕ ಎಕ್ಸ್-ರೇ ಹಾಯಿಸಿ ಅಣುಗಳ ರಚನೆ ಅರಿಯುವ ಕೆಲಸಕ್ಕೆ ಇಳಿದರು. 1934ರಲ್ಲಿ, 24ರ ಹರೆಯದಲ್ಲೇ, ಕೈಗಂಟುಗಳು ನೋಯತೊಡಗಿದವು. ವೈದ್ಯರು ರುಮಟಾಯ್ಡ್ ಸಂಧಿವಾತ ಎಂದರು. ಇಂದಿನಂಥ ಔಷಧಿಗಳು ಆಗ ಇರಲಿಲ್ಲ. ಎಕ್ಸ್-ರೇ ಯಂತ್ರದ ಸ್ವಿಚ್ ಒತ್ತಲೂ ಕೈಲಾಗದಾದಾಗ ಅದಕ್ಕೊಂದು ಉದ್ದನೆಯ ಹಿಡಿಕೆ ಜೋಡಿಸಿಕೊಂಡು ಕೆಲಸ ಮುಂದುವರಿಸಿದರು.

1937ರಲ್ಲಿ ಮದುವೆಯಾಯಿತು. ಮರುವರ್ಷ ಮೊದಲ ಹೆರಿಗೆಯ ನಂತರ ಕಾಯಿಲೆ ಉಲ್ಬಣಿಸಿತು. ಚಿಕಿತ್ಸೆ ಪಡೆದು ಮತ್ತೆ ಪ್ರಯೋಗಾಲಯಕ್ಕೆ ಮರಳಿದರು. ಮಕ್ಕಳ ತಾಯಿಯಾಗಿಯೂ 1945ರಲ್ಲಿ ಪೆನಿಸಿಲಿನ್‌ನ, ಮುಂದಿನ ದಶಕದಲ್ಲಿ ಬಿ12 ಜೀವಸತ್ವದ ರಚನೆಯನ್ನು ಬಿಡಿಸಿದರು. 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಅವರ ತಾಳ್ಮೆಗೆ ದೊಡ್ಡ ಸಾಕ್ಷಿ ಇನ್ಸುಲಿನ್. 1935ರಲ್ಲಿ ಅದರ ಮೊದಲ ಎಕ್ಸ್-ರೇ ಚಿತ್ರ ತೆಗೆದವರು ರಚನೆ ಕಂಡದ್ದು 1969ರಲ್ಲಿ! ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು.

ಡೊರೊಥಿಯವರ ಸೊಟ್ಟಗಾದ ಕೈಗಳನ್ನೇ ಶಿಲ್ಪಿ ಹೆನ್ರಿ ಮೂರ್ ಚಿತ್ರಿಸಿದ್ದಾರೆ. 1993ರಲ್ಲಿ ಗಾಲಿಕುರ್ಚಿಯಲ್ಲೇ ಬೀಜಿಂಗಿನ ವಿಜ್ಞಾನ ಸಮ್ಮೇಳನಕ್ಕೆ ಹೋದ ಈ ತಾಯಿ ಮರುವರ್ಷ ತೀರಿಕೊಂಡರು.

ಎಲ್ಲರೂ ಡೊರೊಥಿ ಆಗಬೇಕಿಲ್ಲ. ನೋವು ನುಂಗಿಕೊಂಡು ದುಡಿಯಬೇಕೆಂದೂ ಅಲ್ಲ. ಅವರು ಕೈಗೆ ತಕ್ಕಂತೆ ಯಂತ್ರವನ್ನು ಬದಲಿಸಿಕೊಂಡರು, ಸಹೋದ್ಯೋಗಿಗಳ ನೆರವು ಪಡೆದರು. ನಾವೂ ಆಫೀಸಿನಲ್ಲಿ ಅನುಕೂಲದ ಕುರ್ಚಿ, ಕೀಬೋರ್ಡ್, ತುಸು ತಡವಾಗಿ ಬರುವ ಅವಕಾಶ ಕೇಳಲು ನಾಚಬೇಕಿಲ್ಲ. ಗಂಟು ಊದಿ, ಬೆಳಗಿನ ಬಿಗಿತ ವಾರಗಟ್ಟಲೆ ಉಳಿದರೆ ಮುಲಾಮಿನಲ್ಲೇ ಕಾಲ ಕಳೆಯದೆ ಸಂಧಿವಾತ ತಜ್ಞರನ್ನು ಕಾಣಿರಿ. ಬೇಗ ಶುರುವಾದ ಚಿಕಿತ್ಸೆ ಕೀಲುಗಳನ್ನೂ ಉಳಿಸಬಲ್ಲದು, ನೌಕರಿಯನ್ನೂ ಉಳಿಸಬಲ್ಲದು.