ಅಧಿಕಾರವೆಂಬ ಅಮಾನತು ಮತ್ತು ಹ. ಉಮರ್(ರ)ರ ಬಂಧುಗಳು

ನಿಮ್ಮ ಕೈಯಲ್ಲಿ ಒಂದು ಅಧಿಕಾರವಿದೆ ಎಂದಿಟ್ಟುಕೊಳ್ಳಿ. ಅದು ಸರಕಾರಿ ಕಚೇರಿಯದ್ದಾಗಿರಬಹುದು, ಊರಿನ ಜಮಾಅತ್ ಕಮಿಟಿಯದ್ದಾಗಿರಬಹುದು. ಒಂದು ಹುದ್ದೆ ಖಾಲಿಯಾಗಿದೆ. ನಿಮ್ಮ ತಂಗಿಯ ಮಗ ಕೆಲಸವಿಲ್ಲದೆ ಕುಳಿತಿದ್ದಾನೆ. ಅವನಿಗೆ ಕೊಡಿಸಿದರೆ ರಕ್ತಸಂಬಂಧದ ಹಕ್ಕು ಸಲ್ಲಿಸಿದಂತಾಯಿತು ಎಂದು ಮನೆಯವರು ಹೇಳುತ್ತಾರೆ. ಬಂಧುಗಳಿಗೆ ನೆರವಾಗುವುದು ಪುಣ್ಯಕಾರ್ಯವೇ ಹೌದು. ಆದರೆ ಯಾರ ಸೊತ್ತಿನಿಂದ? ಈ ಪ್ರಶ್ನೆಗೆ ದ್ವಿತೀಯ ಖಲೀಫ ಹ. ಉಮರ್(ರ)ರ ಬದುಕಿನಲ್ಲಿ ಸ್ಪಷ್ಟ ಉತ್ತರವಿದೆ.

ಕ್ರಿ.ಶ. 634ರಿಂದ 644ರ ವರೆಗೆ ಅವರು ಆಡಳಿತ ನಡೆಸಿದರು. ಇರಾಕ್, ಸಿರಿಯಾ, ಈಜಿಪ್ಟ್‌ಗಳಿಂದ ಸಂಪತ್ತು ಹರಿದು ಬಂದು ಬೈತುಲ್ ಮಾಲ್ ತುಂಬಿತು. ಮೊದಲ ಮುಹಾಜಿರರಿಗೆ ತಲಾ 4000 ದಿರ್ಹಮ್ ಗೊತ್ತುಪಡಿಸಿದ ಖಲೀಫರು ಸ್ವಂತ ಮಗ ಅಬ್ದುಲ್ಲಾ(ರ)ರಿಗೆ 3500 ಮಾತ್ರ ಇಟ್ಟರು. ಅವರೂ ಮುಹಾಜಿರರಲ್ಲವೇ ಎಂದು ಜನ ಕೇಳಿದರು. ಹೆತ್ತವರು ಕರೆತಂದ ಬಾಲಕ, ಸ್ವತಃ ಎಲ್ಲವನ್ನೂ ತೊರೆದು ಬಂದವರಿಗೆ ಸಮನಲ್ಲ ಎಂಬುದು ಅವರ ನಿಲುವಾಗಿತ್ತು.

ಇನ್ನೊಂದು ಘಟನೆ ನೋಡಿ. ಅಬ್ದುಲ್ಲಾ(ರ) ಮತ್ತು ಸಹೋದರ ಉಬೈದುಲ್ಲಾ ಸೇನೆಯೊಂದಿಗೆ ಇರಾಕಿಗೆ ಹೋಗಿದ್ದರು. ಮರಳುವಾಗ ಬಸ್ರಾದ ರಾಜ್ಯಪಾಲ ಅಬೂ ಮೂಸಾ ಅಶ್‌ಅರಿ(ರ) ಅವರನ್ನು ಆದರದಿಂದ ಬರಮಾಡಿಕೊಂಡರು. ಮದೀನಾಕ್ಕೆ ಕಳುಹಿಸಬೇಕಾಗಿದ್ದ ಖಜಾನೆಯ ಹಣವನ್ನು ಅವರಿಗೆ ಸಾಲವಾಗಿ ಕೊಟ್ಟರು. ಇರಾಕಿನ ಸರಕು ಕೊಂಡು ಮದೀನಾದಲ್ಲಿ ಮಾರಿ, ಅಸಲನ್ನು ಖಜಾನೆಗೆ ಒಪ್ಪಿಸಿ ಲಾಭವನ್ನು ತಾವಿಟ್ಟುಕೊಳ್ಳುವುದೆಂದು ಮಾತಾಯಿತು. ವ್ಯಾಪಾರದಲ್ಲಿ ಲಾಭವೂ ಬಂತು. ಆಗ ಖಲೀಫರು ಕೇಳಿದ್ದು ಒಂದೇ ಪ್ರಶ್ನೆ: ಸೇನೆಯ ಎಲ್ಲರಿಗೂ ಹೀಗೆ ಸಾಲ ಸಿಕ್ಕಿತೇ? ಇಲ್ಲವೆಂದಾಗ ಅಸಲು, ಲಾಭ ಎರಡನ್ನೂ ಒಪ್ಪಿಸಲು ಆಜ್ಞಾಪಿಸಿದರು. ನಷ್ಟವಾಗಿದ್ದರೆ ನಾವೇ ಹೊರಬೇಕಿತ್ತಲ್ಲ ಎಂದು ಉಬೈದುಲ್ಲಾ ವಾದಿಸಿದರು. ಕೊನೆಗೆ ಅಲ್ಲಿದ್ದವರೊಬ್ಬರ ಸಲಹೆಯಂತೆ ಇದನ್ನು ಪಾಲುದಾರಿಕೆಯ ವ್ಯಾಪಾರವೆಂದು ಪರಿಗಣಿಸಿ ಅರ್ಧ ಲಾಭವನ್ನು ಖಜಾನೆಗೆ ಸೇರಿಸಲಾಯಿತು.

ಇಲ್ಲಿ ಯಾರೂ ಕದ್ದಿರಲಿಲ್ಲ, ಯಾರೂ ಶಿಫಾರಸು ಮಾಡಿರಲಿಲ್ಲ. ಖಲೀಫರ ಮಕ್ಕಳೆಂಬ ಕಾರಣಕ್ಕೆ ಇತರರಿಗಿಲ್ಲದ ಒಂದು ಅವಕಾಶ ಸಿಕ್ಕಿತ್ತು, ಅಷ್ಟೆ. ನಾವಾದರೆ ಅದನ್ನು ತಪ್ಪೆಂದು ಎಣಿಸುತ್ತಿದ್ದೆವೇ?

ಹಾಗೆಂದು ಬಂಧುವಾಗಿರುವುದೇ ಅನರ್ಹತೆಯೆಂದು ಅವರು ಭಾವಿಸಲಿಲ್ಲ. ಬದ್ರ್‌ನಲ್ಲಿ ಹೋರಾಡಿದ್ದ ತಮ್ಮ ಪತ್ನಿಯ ಸಹೋದರ ಖುದಾಮ ಬಿನ್ ಮಝ್‌ಊನ್(ರ)ರನ್ನು ಬಹ್ರೈನ್ ಪ್ರಾಂತದ ಹೊಣೆಗೆ ನೇಮಿಸಿದ್ದರು. ಅವರ ಮೇಲೆ ಮದ್ಯಪಾನದ ದೂರು ಬಂದಾಗ ಖಲೀಫರು ಅದನ್ನು ಮುಚ್ಚಿಡಲಿಲ್ಲ. ಸಾಕ್ಷ್ಯ ಕೇಳಿ, ಶಿಕ್ಷೆ ಜಾರಿಗೊಳಿಸಿ, ಹುದ್ದೆಯಿಂದ ತೆಗೆದರು. ಮುರಿದ ಸಂಬಂಧವನ್ನು ಆಮೇಲೆ ತಾವೇ ಮುಂದಾಗಿ ಬೆಸೆದರು.

ಕ್ರಿ.ಶ. 644ರಲ್ಲಿ ನಮಾಝಿನ ವೇಳೆ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದಾಗ, ತಮ್ಮ ಉತ್ತರಾಧಿಕಾರಿಯನ್ನು ಆರಿಸಲು ಆರು ಮಂದಿಯನ್ನು ಹೆಸರಿಸಿದರು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರಾದ ಸಈದ್ ಬಿನ್ ಝೈದ್(ರ) ಆಗ ಜೀವಂತರಿದ್ದರು. ಆದರೆ ಅವರು ಖಲೀಫರ ದಾಯಾದಿ, ತಂಗಿಯ ಗಂಡ. ಅವರ ಹೆಸರು ಆ ಆರರಲ್ಲಿರಲಿಲ್ಲ. ಮಗ ಅಬ್ದುಲ್ಲಾ(ರ) ಸಮಾಲೋಚನೆಗೆ ಹಾಜರಿರಬಹುದಿತ್ತು, ಅಧಿಕಾರದಲ್ಲಿ ಅವರಿಗೆ ಯಾವ ಪಾಲೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ಮಗನಿಂದ ತಮ್ಮ ಸಾಲದ ಲೆಕ್ಕ ಹಾಕಿಸಿದರು. ಸುಮಾರು 86,000 ಇತ್ತು. ಮೊದಲು ಮನೆಯವರ ಸೊತ್ತಿನಿಂದ, ಸಾಲದಿದ್ದರೆ ತಮ್ಮ ಕುಲವಾದ ಬನೂ ಅದಿಯ್ಯ್‌ನವರಿಂದ, ಆಮೇಲೆ ಖುರೈಶರಿಂದ ಕೇಳಿ ತೀರಿಸಬೇಕೆಂದು ತಿಳಿಸಿದರು. ಬೈತುಲ್ ಮಾಲ್‌ನತ್ತ ಕೈ ತೋರಿಸಲಿಲ್ಲ.

ಸಹೋದರರೇ, ಸಹೋದರಿಯರೇ, ಇದನ್ನು ನಿಮ್ಮ ಮನೆಯಲ್ಲಿ ಚರ್ಚಿಸಿರಿ. ತಂಗಿಯ ಮಗನಿಗೆ ನಿಮ್ಮ ಜೇಬಿನಿಂದ ಕೊಡಿ, ಅವನ ಓದಿಗೆ, ಅಂಗಡಿಗೆ ನೆರವಾಗಿ. ಅದು ರಕ್ತಸಂಬಂಧದ ಹಕ್ಕು. ಆದರೆ ಮದ್ರಸದ ಉಸ್ತಾದರ ಹುದ್ದೆ, ಕಚೇರಿಯ ಕುರ್ಚಿ ನಿಮ್ಮ ಸೊತ್ತಲ್ಲ. ಅಲ್ಲಿ ಅರ್ಹನನ್ನು ಬಿಟ್ಟು ಬಂಧುವನ್ನು ಕೂರಿಸಿದರೆ ನೀವು ದಾನ ಮಾಡಿದ್ದು ಇನ್ನೊಬ್ಬರ ಹಕ್ಕನ್ನು. ಅದರ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸಬೇಕಾದಾಗ ಯಾವ ಬಂಧುವೂ ಜೊತೆಗಿರಲಾರ.